ಕಂಪೆನಿ ಕ್ಲೌಡ್ ನಿಲ್ಲಿಸುತ್ತದಂತೆ, ಸ್ಮಾರ್ಟ್ ಪ್ಲಗ್ ಮತ್ತು ಕ್ಯಾಮೆರಾ ಎಸೆಯಬೇಕಾ?

ಎರಡನ್ನೂ ಎಸೆಯಬೇಡಿ ಮಾರಾಯ್ರೆ. ಪ್ಲಗ್ ಇರಲಿ. ಯೋಚನೆ ಮಾಡಬೇಕಾದ್ದು ಕ್ಯಾಮೆರಾ ಬಗ್ಗೆ.

ನಮ್ಮ ಕಾಪುವಿನ ಮನೆಯಲ್ಲೂ ಹೀಗೇ ಆಗಿತ್ತು. ಅಮ್ಮ ಒಬ್ಬರೇ ಇರುವುದು ಅಂತ ದುಬೈಯಲ್ಲಿರುವ ಅಣ್ಣ ಅಂಗಳಕ್ಕೊಂದು ಕ್ಯಾಮೆರಾ, ಬಾವಿ ಪಂಪಿಗೊಂದು ಸ್ಮಾರ್ಟ್ ಸ್ವಿಚ್ ಹಾಕಿಸಿದ್ದ. ಒಂದು ಮಳೆಗಾಲದಲ್ಲಿ ಆ್ಯಪ್ ಸತ್ತುಹೋಯಿತು. ಅಣ್ಣನಿಂದ ಫೋನ್ ಮೇಲೆ ಫೋನ್. ಸಿಡಿಲಿಗೆ ರೂಟರ್ ಹೋಗಿರಬೇಕು ಅಂತ ನಾನು ಸುಮ್ನೆ ಹೊಸ ರೂಟರ್ ತಂದೆ. ನೋಡಿದರೆ ಕಂಪೆನಿ ಕ್ಲೌಡಿಗೇ, ಅಂದರೆ ಇಂಟರ್ನೆಟ್‌ನಲ್ಲಿರುವ ತನ್ನ ಸರ್ವರ್‌ಗೇ ಬೀಗ ಹಾಕಿತ್ತು. ಜಗಲಿಯಲ್ಲಿ ಕೂತು ಅಂಗಳ ನೋಡುವುದಕ್ಕೂ ಆ ಸರ್ವರ್ ಬೇಕಿತ್ತು, ಅಲ್ವಾ! ಅಮ್ಮ ಮಾತ್ರ ಸ್ವಿಚ್ಚಿನ ಬಟನ್ ಒತ್ತಿ ದಿನವೂ ಪಂಪು ಹಾಕುತ್ತಿದ್ದರು. ಆ್ಯಪ್ ಹೋದದ್ದು ಅವರಿಗೆ ಗೊತ್ತೇ ಆಗಲಿಲ್ಲ.

ದೊಡ್ಡ ಕಂಪೆನಿಗಳೂ ಹೀಗೇ. ಗೂಗಲ್ 2025ರ ಅಕ್ಟೋಬರ್ 25ಕ್ಕೆ ಹಳೆಯ ನೆಸ್ಟ್ ಥರ್ಮೋಸ್ಟಾಟ್‌ಗಳಿಗೆ (ಮನೆಯ ಬಿಸಿ-ತಂಪು ಹೊಂದಿಸುವ ಸಾಧನ) ಬೆಂಬಲ ನಿಲ್ಲಿಸಿತು. ಗೋಡೆಯ ಮೇಲೆ ಕೈಯಲ್ಲಿ ತಿರುಗಿಸಬಹುದು, ಫೋನಿನಲ್ಲಿ ಆಗುವುದಿಲ್ಲ. ಬೆಲ್ಕಿನ್ ಕಂಪೆನಿ ವೀಮೋ ಎಂಬ ತನ್ನ ಸ್ಮಾರ್ಟ್ ಪ್ಲಗ್‌ನಂಥ ಸಾಧನಗಳಿಗೆ 2026ರ ಜನವರಿ 31ರ ಗಡುವು ಕೊಟ್ಟಿತು. ಅದರೊಳಗೆ ಆ್ಯಪಲ್‌ನ ಸ್ಮಾರ್ಟ್ ಮನೆ ವ್ಯವಸ್ಥೆಯಾದ ಹೋಮ್‌ಕಿಟ್‌ಗೆ ಜೋಡಿಸಿಟ್ಟವು ಮುಂದೆಯೂ ನಡೆಯುತ್ತವೆ ಎಂದಿತು. ಹಾಗಾಗಿ ನೀವೂ ಕ್ಲೌಡ್ ಇರುವಾಗಲೇ ಆ್ಯಪ್‌ನ ಸೆಟ್ಟಿಂಗ್ಸ್ ತಡಕಾಡಿ. ಆರ್‌ಟಿಎಸ್‌ಪಿ (RTSP) ಅಥವಾ ಆನ್‌ವಿಫ್ (ONVIF) ಅಂತ ಕಂಡರೆ ಈಗಲೇ ಆನ್ ಮಾಡಿ, ಕ್ಯಾಮೆರಾ ಬೇರೆ ಸಾಧನಗಳಿಗೆ ನೇರ ವಿಡಿಯೋ ಕೊಡುವ ದಾರಿಗಳು ಅವು. ಆಮೇಲೆ ಆ ಪುಟವೇ ತೆರೆಯದೆ ಹೋಗಬಹುದು. ಅದು ಆನ್ ಇದ್ದರೆ ಮನೆಯ ರೆಕಾರ್ಡರ್‌ನಲ್ಲೇ ವಿಡಿಯೋ ಸಿಗುತ್ತದೆ.

ಇನ್ನೊಂದು ತಲೆನೋವು ಸೆಕ್ಯುರಿಟಿ ಅಪ್‌ಡೇಟ್. ಅದು ನಿಂತದ್ದು ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾ ಚೆನ್ನಾಗಿಯೇ ಓಡುತ್ತಿರುತ್ತದೆ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ (ಕೇಡಿನ ಪ್ರೋಗ್ರಾಂ) ಇಂಥದೇ ಕ್ಯಾಮೆರಾ, ವಿಡಿಯೋ ರೆಕಾರ್ಡರ್‌ಗಳ ಒಳಗೆ ಹೊಕ್ಕಿತ್ತು. ಹೊಕ್ಕಿದ್ದು ಹೇಗೆ? ಕಂಪೆನಿ ಹಾಕಿ ಕಳಿಸಿದ ಪಾಸ್‌ವರ್ಡನ್ನು ಯಾರೂ ಬದಲಾಯಿಸಿರಲಿಲ್ಲ, ಅಷ್ಟೇ. ಆ ವರ್ಷ ಅಕ್ಟೋಬರ್‌ನಲ್ಲಿ ಅವನ್ನೆಲ್ಲ ಒಟ್ಟಿಗೆ ಛೂ ಬಿಟ್ಟಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಕೂಡ ಎಷ್ಟೋ ಜನರಿಗೆ ತೆರೆಯಲಿಲ್ಲ.

ಪಾಸ್‌ವರ್ಡ್ ಬದಲಿಸಿ. ಹೊರಗಿನಿಂದ ನೋಡಲಿಕ್ಕೆ ಅಂತ ಯಾರಾದರೂ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಇಂಟರ್ನೆಟ್‌ನಿಂದ ಕ್ಯಾಮೆರಾಕ್ಕೆ ನೇರ ದಾರಿ) ಮಾಡಿಕೊಟ್ಟಿದ್ದರೆ ಮೊದಲು ತೆಗೆಸಿ. ಪ್ಲಗ್ಗನ್ನು ಗೆಸ್ಟ್ ವೈಫೈಗೆ, ಅಂದರೆ ರೂಟರ್‌ನಲ್ಲಿ ನೆಂಟರಿಗೆ ಅಂತ ಇರುವ ಬೇರೆ ವೈಫೈಗೆ, ಹಾಕಿದರೆ ಸಾಕು. ಬೆಡ್‌ರೂಮಿನಲ್ಲಿ ಹಳೆ ಕ್ಯಾಮೆರಾ ಇದ್ದರೆ ಇವತ್ತೇ ಕಿತ್ತುಬಿಡಿ, ಅದರಲ್ಲಿ ಎರಡು ಮಾತಿಲ್ಲ.

ನಿಮ್ಮ ಕ್ಯಾಮೆರಾದ ಹಿಂಬದಿಯ ಸ್ಟಿಕ್ಕರಿನಲ್ಲಿ ಮಾಡೆಲ್ ನಂಬರ್ ಇರುತ್ತದೆ. ಇಲ್ಲೇ ಕೆಳಗೆ ಹಾಕಿ, ಆರ್‌ಟಿಎಸ್‌ಪಿ ಇದೆಯಾ ನೋಡಿ ಹೇಳುತ್ತೇನೆ.