ಸ್ಪೋರ್ಟಿ ಕಾರಿನ ಬ್ರೇಕ್ ಡಿಸ್ಕ್: ಲೇತ್‌ಗೆ ಹಾಕಿಸಬೇಕೋ, ಹೊಸದೇ ತರಬೇಕೋ?

ನೀವು ಬರೆದಿರುವುದು ಇಷ್ಟು: ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಮುಂದಿನ ಡಿಸ್ಕ್ 312 ಮಿ.ಮೀ. ವ್ಯಾಸ, ಹೊಸದಿದ್ದಾಗ 25 ಮಿ.ಮೀ. ದಪ್ಪ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 100ರ ಆಸುಪಾಸಿನಿಂದ ಬ್ರೇಕ್ ಒತ್ತಿದರೆ ಸ್ಟೇರಿಂಗ್ ಅದುರುತ್ತದೆ. ಗ್ಯಾರೇಜಿನವರು ‘ಡಿಸ್ಕ್ ಬೆಂಡಾಗಿದೆ, ಸ್ಕಿಮ್ಮಿಂಗ್ (ಲೇತ್‌ನಲ್ಲಿ ಮುಖವನ್ನು ತೆಳ್ಳಗೆ ಕೆತ್ತಿ ಸಮಮಾಡುವುದು) ಮಾಡಿಸಿದರೆ ಸಾಕು’ ಅನ್ನುತ್ತಾರೆ, ಗೆಳೆಯರು ‘ಹೊಸದೇ ಹಾಕಿಸು’ ಅನ್ನುತ್ತಾರೆ. ವರ್ಷಕ್ಕೆ ಒಂದೆರಡು ಸಲ ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕಿಗೂ ಒಯ್ಯುತ್ತೀರಿ.

ಅಳತೆ ಕೈಗೆ ಬರುವವರೆಗೆ ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ಅಳೆದ ಮೇಲೆ ನಿಮ್ಮಂಥ ಬಳಕೆಗೆ ಬಹುಪಾಲು ಹೊಸ ಡಿಸ್ಕೇ ಸರಿ ಅನ್ನಿಸುತ್ತದೆ. ಆದರೆ ಅದುರುವಿಕೆಯ ಮೂಲ ಡಿಸ್ಕೂ ಚಕ್ರವೂ ಕೂರುವ ಹಬ್‌ನಲ್ಲಿದ್ದರೆ ಹೊಸ ಡಿಸ್ಕೂ ಕೆಲವು ಸಾವಿರ ಕಿ.ಮೀ.ಯಲ್ಲಿ ಹಾಗೇ ಅದುರಲು ಶುರುಮಾಡುತ್ತದೆ. ಆದ್ದರಿಂದ ಮೂಲದಿಂದಲೇ ಶುರುಮಾಡೋಣ.

‘ಬೆಂಡಾಗಿದೆ’ ಅನ್ನುವ ಡಿಸ್ಕ್‌ಗಳಲ್ಲಿ ಹೆಚ್ಚಿನವು ಬೆಂಡಾಗಿರುವುದಿಲ್ಲ. ಸುತ್ತಳತೆಯ ಉದ್ದಕ್ಕೂ ದಪ್ಪ ಒಂದೇ ಸಮ ಉಳಿದಿರುವುದಿಲ್ಲ, ಅಷ್ಟೇ. ದಪ್ಪನೆಯ ಜಾಗ ಪ್ಯಾಡ್ ನಡುವೆ ಹಾದಾಗಲೆಲ್ಲ ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ತಳ್ಳಲ್ಪಡುತ್ತದೆ. ಅದೇ ಪೆಡಲಿಗೂ ಸ್ಟೇರಿಂಗಿಗೂ ಬರುವ ನಡುಕ. ಇದಕ್ಕೆ ಬೇಕಾದ ವ್ಯತ್ಯಾಸ 0.015ರಿಂದ 0.02 ಮಿ.ಮೀ. ಮಾತ್ರ. ಕಣ್ಣಿಗೆ ಕಾಣದು, ಬೆರಳಿಗೂ ತಿಳಿಯದು.

ಈ ವ್ಯತ್ಯಾಸ ಹುಟ್ಟುವುದು ಎರಡು ದಾರಿಯಲ್ಲಿ. ಮೊದಲನೆಯದು ರನ್‌ಔಟ್: ಡಿಸ್ಕ್ ತಿರುಗುವಾಗ ಪಕ್ಕಕ್ಕೆ ಓಲಾಡುವುದು. ಬ್ರೇಕ್ ಒತ್ತದಿದ್ದಾಗಲೂ ಓಲಾಡುವ ಭಾಗ ಪ್ರತಿ ಸುತ್ತಿನಲ್ಲಿ ಪ್ಯಾಡನ್ನು ಸವರಿಕೊಂಡು ಹೋಗುತ್ತದೆ. ನಿಮ್ಮ ಟೈರಿನ ಸುತ್ತಳತೆ ಸುಮಾರು 2 ಮೀಟರ್, ಅಂದರೆ ಕಿ.ಮೀ.ಗೆ 500 ಸಲ, ಸಾವಿರ ಕಿ.ಮೀ.ಗೆ 5 ಲಕ್ಷ ಸಲ. ಅಲ್ಲಿ ಲೋಹ ಸವೆದು ತೆಳ್ಳಗಾಗುತ್ತದೆ. ಎರಡನೆಯದು ಪ್ಯಾಡಿನ ಲೇಪ: ಟ್ರ್ಯಾಕಿನಲ್ಲಿ ಕಾದ ಬ್ರೇಕನ್ನು ಪಿಟ್‌ಗೆ ಬಂದು ಒತ್ತಿಹಿಡಿದು ನಿಂತರೆ, ಅಥವಾ ಘಾಟಿ ಇಳಿದ ಕೂಡಲೇ ಚೆಕ್‌ಪೋಸ್ಟಿನಲ್ಲಿ ಪೆಡಲ್ ತುಳಿದುಕೊಂಡೇ ಕೂತರೆ, ಪ್ಯಾಡಿನ ಆಕಾರಕ್ಕೇ ಅದರ ಸಾಮಗ್ರಿ ಡಿಸ್ಕ್‌ಗೆ ಅಂಟಿಕೊಳ್ಳುತ್ತದೆ.

ಅಳೆಯುವುದು ಹೀಗೆ. ದಪ್ಪಕ್ಕೆ ಮೈಕ್ರೋಮೀಟರ್ ಬೇಕು (ನಿಮಗೆ 0–25 ಸಾಕು, 30 ಮಿ.ಮೀ. ಡಿಸ್ಕ್ ಇರುವವರಿಗೆ 25–50). ಹೊರ ಅಂಚಿನಿಂದ 10–15 ಮಿ.ಮೀ. ಒಳಗೆ, ಸುತ್ತಲೂ 8 ಕಡೆ ಅಳೆದು ಬರೆದುಕೊಳ್ಳಿ. ವರ್ನಿಯರ್‌ನಿಂದ ಅಳೆದರೆ ಅದರ ದವಡೆ ಅಂಚಿನಲ್ಲಿ ಸವೆಯದೆ ಉಳಿದ ಏಣಿನ ಮೇಲೆ ಕೂರುತ್ತದೆ, ಸವೆದ ಡಿಸ್ಕೂ ಹೊಸದರಷ್ಟೇ ದಪ್ಪ ತೋರಿಸುತ್ತದೆ. ವರ್ನಿಯರ್ ಒಂದೇ ಇದ್ದರೆ ಏಣಿನ ಒಳಗೆ ಎರಡೂ ಬದಿಗೆ ಒಂದೊಂದು ನಾಣ್ಯ ಇಟ್ಟು ಅಳೆದು, ನಾಣ್ಯಗಳ ದಪ್ಪ ಕಳೆಯಿರಿ. ಸವೆತ ಎಷ್ಟೆಂದು ತಿಳಿಯಲು ಅಷ್ಟು ಸಾಕು, ನಡುಕದ ಕಾರಣ ಹುಡುಕಲು ಸಾಲದು.

ರನ್‌ಔಟ್‌ಗೆ ಡಯಲ್ ಗೇಜ್ (ಸಣ್ಣ ಓಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ). ಚಕ್ರ ತೆಗೆದ ಮೇಲೆ ಡಿಸ್ಕ್ ಸಡಿಲವಾಗಿರುತ್ತದೆ, ಹಿಡಿದಿರುವುದು ಒಂದು ಸಣ್ಣ ಸ್ಕ್ರೂ ಮಾತ್ರ. ಆ ಸ್ಥಿತಿಯಲ್ಲಿ ಅಳೆದರೆ ಏನೂ ಅರ್ಥವಿಲ್ಲ. ವಾಷರ್ ಕೊಟ್ಟು ವೀಲ್ ಬೋಲ್ಟುಗಳನ್ನೇ ಹಾಕಿ ಸಮವಾಗಿ ಬಿಗಿದು, ಆಮೇಲೆ ಅಂಚಿನಿಂದ 10 ಮಿ.ಮೀ. ಒಳಗೆ ಗೇಜ್ ಮುಟ್ಟಿಸಿ ತಿರುಗಿಸಿ. 0.05 ಮಿ.ಮೀ. ಒಳಗಿದ್ದರೆ ಸರಿ. ಮೀರಿದ್ದರೆ ಎತ್ತರದ ಜಾಗಕ್ಕೆ ಗುರುತು ಹಾಕಿ, ಸಣ್ಣ ಸ್ಕ್ರೂ ಬಿಟ್ಟು ಡಿಸ್ಕನ್ನು ಒಂದು ಬೋಲ್ಟ್ ತೂತಿನಷ್ಟು ತಿರುಗಿಸಿ ಮತ್ತೆ ಅಳೆಯಿರಿ. ಎತ್ತರದ ಜಾಗ ಡಿಸ್ಕ್ ಜೊತೆ ಸರಿದರೆ ತಪ್ಪು ಡಿಸ್ಕಿನದು. ಹಬ್‌ನಲ್ಲಿ ಇದ್ದಲ್ಲೇ ಉಳಿದರೆ ಹಬ್ಬಿನದು.

ಹಬ್ಬಿನದಾದರೆ ಬಹುತೇಕ ತುಕ್ಕು. ಮಂಗಳೂರು, ಉಡುಪಿ ಕಡೆ ಓಡಿದ ಕಾರುಗಳಲ್ಲಿ ಇದು ಮಾಮೂಲು. ಹಬ್ಬಿನ ಮುಖದಲ್ಲಿ ಉಳಿದ ತುಕ್ಕಿನ ಸಣ್ಣ ಚಕ್ಕೆ ಡಿಸ್ಕಿನ ಅಂಚಿಗೆ ಬರುವಷ್ಟರಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಓಲಾಟವಾಗುತ್ತದೆ, ಏಕೆಂದರೆ ಡಿಸ್ಕಿನ ವ್ಯಾಸ ಹಬ್‌ಗಿಂತ ಅಷ್ಟು ದೊಡ್ಡದು. ವೈರ್ ಬ್ರಷ್, ಎಮರಿ ಪಟ್ಟಿ ಹಿಡಿದು ಬೋಲ್ಟ್ ತೂತುಗಳ ಸುತ್ತಲೂ ಲೋಹ ಹೊಳೆಯುವವರೆಗೆ ಉಜ್ಜಿಸಿ. ಡಿಸ್ಕಿನ ಒಳಮುಖಕ್ಕೂ ಅದೇ ಉಪಚಾರ.

ಇನ್ನು ಲೆಕ್ಕ. ಡಿಸ್ಕಿನ ಟೋಪಿಯ (ನಡುವಿನ ಉಬ್ಬಿದ) ಭಾಗದಲ್ಲೋ ಅಂಚಿನಲ್ಲೋ ಕನಿಷ್ಠ ದಪ್ಪ ಕೆತ್ತಿರುತ್ತದೆ. ಫೋಕ್ಸ್‌ವ್ಯಾಗನ್ ಬಳಗದ (ನಿಮ್ಮ ಸ್ಕೋಡಾವೂ ಅದರದೇ) 25 ಮಿ.ಮೀ. ಡಿಸ್ಕ್‌ಗೆ ಅದು 22. ಬಿಎಂಡಬ್ಲ್ಯು 24 ಮಿ.ಮೀ. ಡಿಸ್ಕ್‌ಗೆ 22.4, ಅಂದರೆ ಒಟ್ಟು 1.6 ಮಿ.ಮೀ. ಮಾತ್ರ ಸವೆಯಲು ಬಿಟ್ಟಿದ್ದಾರೆ. ಈ ಅಂಕಿ ಡಿಸ್ಕನ್ನು ಬಿಸಾಡುವ ಗಡಿ, ಲೇತ್‌ನವನು ನಿಲ್ಲಿಸಬೇಕಾದ ಗಡಿಯಲ್ಲ. ಇಲ್ಲೇ ಹೆಚ್ಚಿನ ಗ್ಯಾರೇಜುಗಳು ಎಡವುವುದು.

ನಿಮ್ಮ ಡಿಸ್ಕ್ 23.4 ಬಂತು ಅಂದುಕೊಳ್ಳಿ. ಗೀರು, ಏರುಪೇರು ಹೋಗಲು ಒಂದೊಂದು ಮುಖಕ್ಕೆ 0.2 ತೆಗೆದರೂ 23.0. ಗಡಿಗೆ ಉಳಿದದ್ದು 1 ಮಿ.ಮೀ. ಯುರೋಪಿನ ಕಾರುಗಳ ಪ್ಯಾಡ್ ಡಿಸ್ಕನ್ನೂ ತಿನ್ನುವ ಜಾತಿಯದು, ಒಂದು ಸೆಟ್ ಪ್ಯಾಡ್ ಮುಗಿಯುವಷ್ಟರಲ್ಲಿ ಅರ್ಧದಿಂದ ಒಂದು ಮಿ.ಮೀ. ಹೋಗಿರುತ್ತದೆ. ಅಂದರೆ ಊರೊಳಗಿನ ಕಾರಿಗೆ ಹೇಗೋ ನಡೆದೀತು. ಡಿಸ್ಕ್ 22.9 ಬಂದರೆ ಸ್ಕಿಮ್ಮಿಂಗ್ ಮಾತೇ ಬೇಡ, ಹೊಸ ಪ್ಯಾಡ್ ಮುಗಿಯುವ ಮೊದಲೇ ಡಿಸ್ಕ್ ಬಿಸಾಡಬೇಕಾಗಬಹುದು. ಬಿಎಂಡಬ್ಲ್ಯು ಡಿಸ್ಕಿನಲ್ಲಂತೂ ಈ ಲೆಕ್ಕ ಕೂಡಿಬರುವುದೇ ಅಪರೂಪ. ಕತ್ತರಿಸಿದ ಮೇಲೂ ಗಡಿಗಿಂತ 1 ಮಿ.ಮೀ. ಮೇಲಿರಬೇಕು ಅನ್ನುವುದು ನನ್ನ ಅಳತೆಗೋಲು.

ಟ್ರ್ಯಾಕಿಗೆ ಹೋಗುವ ಕಾರಿಗೆ ಅದೂ ಸಾಲದು, ಏಕೆಂದರೆ ಅಲ್ಲಿ ಪ್ರಶ್ನೆ ಬಿಸಿಯದು. ಜನ ಸೇರಿ 1,600 ಕೆ.ಜಿ. ಕಾರನ್ನು 100ರಿಂದ ಪೂರ್ತಿ ನಿಲ್ಲಿಸಿದರೆ ಸುಮಾರು 617 ಕಿಲೋಜೂಲ್ ಶಕ್ತಿ ಬಿಸಿಯಾಗುತ್ತದೆ. ಮುಂದಿನ ಬ್ರೇಕು ಅದರ 70% ಹೊರುತ್ತದೆ ಅಂದರೂ ಒಂದೊಂದು ಡಿಸ್ಕ್‌ಗೆ 216. ಡಿಸ್ಕಿನ ಉಜ್ಜುವ ಉಂಗುರ 7 ಕೆ.ಜಿ. ಇದ್ದರೆ ಒಂದು ಬ್ರೇಕಿಗೆ ಸುಮಾರು 67 ಡಿಗ್ರಿ ಏರಿಕೆ. 312 ಮಿ.ಮೀ. ಡಿಸ್ಕ್ 25ರಿಂದ 22ಕ್ಕೆ ಇಳಿದರೆ ಹೆಚ್ಚುಕಡಿಮೆ 1 ಕೆ.ಜಿ. ಎರಕದ ಕಬ್ಬಿಣ ಹೋದಂತೆ; ಆಗ ಅದೇ ಬ್ರೇಕಿಗೆ 78 ಡಿಗ್ರಿ. ತೆಳು ಕಾವಲಿ ಬೇಗ ಕಾಯುವ ಹಾಗೆ. ಲ್ಯಾಪ್ ಮೇಲೆ ಲ್ಯಾಪ್ ಆರಲು ಸಮಯ ಸಿಗದೆ ಈ ವ್ಯತ್ಯಾಸ ಪೇರುತ್ತಾ ಹೋಗಿ, ಪ್ಯಾಡ್ ಹಿಡಿತ ಬಿಡುವ, ಬ್ರೇಕ್ ಆಯಿಲ್ ಕುದಿಯುವ ಹಂತ ಬೇಗ ಬರುತ್ತದೆ. ಟ್ರ್ಯಾಕ್ ಕಾರಿನಲ್ಲಿ ಸವೆತದ ಅರ್ಧ ದಾರಿಗೇ ಡಿಸ್ಕ್ ಬದಲಿಸಿ, 22ರವರೆಗೆ ಕಾಯಬೇಡಿ.

ದಪ್ಪ ಸಾಕಷ್ಟಿದ್ದರೂ ಲೇತ್‌ಗೆ ಕೊಡಬಾರದ ಡಿಸ್ಕ್‌ಗಳಿವೆ. ಮುಖದ ಮೇಲೆ ನೀಲಿ-ಕಪ್ಪು ತೇಪೆಗಳಿದ್ದರೆ ಗಮನಿಸಿ. ಅತಿ ಬಿಸಿಯಲ್ಲಿ ಎರಕದ ಕಬ್ಬಿಣ ಅಲ್ಲಲ್ಲಿ ಸಿಮೆಂಟೈಟ್ (ಕಬ್ಬಿಣ, ಇಂಗಾಲ ಸೇರಿದ ಗಡಸು ವಸ್ತು) ಆಗಿ ಗಟ್ಟಿಗೊಂಡಿರುತ್ತದೆ. ಲೇತ್ ಟೂಲ್ ಅದರ ಮೇಲೆ ಜಿಗಿಯುತ್ತದೆ. ಮೇಲ್ಮೈ ನುಣುಪಾದರೂ ಗಟ್ಟಿ ಬೇರು ಕೆಳಗೆ ಉಳಿದಿರುತ್ತದೆ. ಸುತ್ತಲಿನ ಮೆತ್ತನೆ ಲೋಹ ಬೇಗ ಸವೆದು ತೇಪೆ ಮತ್ತೆ ಉಬ್ಬುತ್ತದೆ, ಅದುರುವಿಕೆ ವಾಪಸ್. ಕೂದಲೆಳೆಯಂಥ ಬಿರುಕುಗಳ ಜಾಲ ಟ್ರ್ಯಾಕ್ ಡಿಸ್ಕಿನಲ್ಲಿ ಸಾಮಾನ್ಯ. ಆದರೆ ಉಗುರು ಸಿಕ್ಕಿಕೊಳ್ಳುವ ಬಿರುಕು, ಅಂಚು ತಲುಪಿದ ಬಿರುಕು, ತೂತಿನಿಂದ ತೂತಿಗೆ ಹೋದ ಬಿರುಕು ಕಂಡರೆ ಆ ಡಿಸ್ಕ್ ಗುಜರಿಗೆ. ಆ ಕಾರನ್ನು ಗ್ಯಾರೇಜಿನಿಂದ ಓಡಿಸಿಕೊಂಡು ಬರಬೇಡಿ.

ತೂತಿನ ಡಿಸ್ಕನ್ನು ನಾನು ಲೇತ್‌ಗೆ ಕೊಡೆನ್ನುವುದಿಲ್ಲ: ಟೂಲ್ ಪ್ರತಿ ತೂತಿಗೂ ಬಡಿಯುತ್ತದೆ, ತೂತಿನ ಬಾಯಿಯ ಇಳಿಜಾರು ಅಳಿದು ಬಿರುಕಿಗೆ ಜಾಗವಾಗುತ್ತದೆ. ಗೆರೆ ಕೊರೆದ ಡಿಸ್ಕ್ ಪರವಾಗಿಲ್ಲ, ಗೆರೆ ಆಳ ಉಳಿದಿದ್ದರೆ. ಅಲ್ಯೂಮಿನಿಯಂ ಟೋಪಿಯ ಎರಡು ತುಂಡಿನ ಡಿಸ್ಕಾದರೆ ಉಂಗುರ ಮಾತ್ರ ಬದಲಿಸಬಹುದೇ ಎಂದು ಮೊದಲು ವಿಚಾರಿಸಿ. ಕಾರ್ಬನ್ ಸೆರಾಮಿಕ್ ಡಿಸ್ಕನ್ನು ಲೇತ್ ಹತ್ತಿರವೂ ಒಯ್ಯುವಂತಿಲ್ಲ. ಪೋರ್ಶೆಯಂಥ ಕಾರಿನಲ್ಲಿ ಕನಿಷ್ಠ ತೂಕವನ್ನೇ ಟೋಪಿಯ ಮೇಲೆ ಕೆತ್ತಿರುತ್ತಾರೆ.

ಹಾಗಾದರೆ ಸ್ಕಿಮ್ಮಿಂಗ್ ಯಾವಾಗ? ದಪ್ಪ ಧಾರಾಳವಾಗಿದೆ, ನೀಲಿ ತೇಪೆ ಇಲ್ಲ, ಬಿರುಕಿಲ್ಲ, ಏರುಪೇರು ಮಾತ್ರ ಇದೆ. ಆಗಲೂ ಮೊದಲು ಅಗ್ಗದ ದಾರಿ ನೋಡಿ: ಅಂಟಿದ ಲೇಪವಾದರೆ 120–150 ಗ್ರಿಟ್ ಗಾರ್ನೆಟ್ ಕಾಗದದಿಂದ ಡಿಸ್ಕನ್ನೂ ಪ್ಯಾಡನ್ನೂ ಉಜ್ಜಿ, ಮತ್ತೆ ಬೆಡ್ಡಿಂಗ್ (ಹದವಾಗಿ ಬ್ರೇಕ್ ಒತ್ತಿ ಪ್ಯಾಡನ್ನು ಡಿಸ್ಕಿಗೆ ಪಳಗಿಸುವುದು, ವಿಧಾನ ಕೊನೆಯಲ್ಲಿದೆ) ಮಾಡಿದರೆ ಎಷ್ಟೋ ಸಲ ಹೋಗುತ್ತದೆ. ಹೋಗದಿದ್ದರೆ ಕಾರಿನ ಮೇಲೇ, ಹಬ್‌ಗೆ ಕಟ್ಟಿ ಕತ್ತರಿಸುವ ಲೇತ್ ಇರುವ ಕಡೆ ಹೋಗಿ. ಹಬ್ಬಿನ ಓಲಾಟವನ್ನೂ ಅದು ಸರಿದೂಗಿಸುತ್ತದೆ. ಸಾಮಾನ್ಯ ಲೇತ್‌ನಲ್ಲಿ ಡಿಸ್ಕನ್ನು ಹೊರ ಅಂಚಿನಿಂದ ಚಕ್‌ಗೆ ಕಚ್ಚಿಸಿ ಒಂದು ಮುಖ ಕೆತ್ತಿ, ತಿರುಗಿಸಿ ಇನ್ನೊಂದು ಕೆತ್ತಿದರೆ ಎರಡು ಮುಖ ಸಮಾನಾಂತರ ಬರುವುದಿಲ್ಲ. ಕೊಟ್ಟಾಗಿನದಕ್ಕಿಂತ ಕೆಟ್ಟದಾಗಿ ವಾಪಸ್ ಬರಬಹುದು. ಎಡ-ಬಲ ಎರಡನ್ನೂ ಕತ್ತರಿಸಿ, ಎರಡು ಮುಖದಿಂದ ಸಮನಾಗಿ ತೆಗೆಯಿಸಿ. ಆದ ಮೇಲೆ ಸೋಪಿನ ನೀರಲ್ಲಿ ತೊಳೆದು, ಬಿಳಿ ಬಟ್ಟೆ ಕಪ್ಪಾಗದ ತನಕ ಒರೆಸಿ. ಆಮೇಲೆ ಮತ್ತೆ 8 ಕಡೆ ಅಳೆಯಿರಿ.

ಹೊಸದೇ ಆದರೆ ಒಂದು ಆಕ್ಸಲ್‌ಗೆ ಜೋಡಿ ಡಿಸ್ಕ್, ಜೊತೆಗೆ ಹೊಸ ಪ್ಯಾಡ್. ಹಳೆ ಪ್ಯಾಡ್ ಹಳೆ ಡಿಸ್ಕಿನ ಗೀರಿಗೆ ಹೊಂದಿಕೊಂಡಿರುತ್ತದೆ, ಹೊಸದರ ಮೇಲೆ ಪೂರ್ತಿ ಕೂರುವುದಿಲ್ಲ. ಎರಡು ಮುಖಗಳ ನಡುವೆ ಗಾಳಿ ಹಾಯಿಸುವ ರೆಕ್ಕೆಗಳು ಬಾಗಿರುವ ಡಿಸ್ಕಾದರೆ ಎಡ-ಬಲ ಬೇರೆ ಬೇರೆ, ಅದಲುಬದಲಾಗದಂತೆ ನೋಡಿ. ಕ್ಯಾಲಿಪರ್ (ಪ್ಯಾಡುಗಳನ್ನು ಹಿಡಿದು ಒತ್ತುವ ಭಾಗ) ಸ್ಲೈಡ್ ಪಿನ್ ಕೈಯಲ್ಲಿ ಸಲೀಸಾಗಿ ಜಾರಬೇಕು. ಬಿಗಿಯಾದ ಪಿನ್ ಹೊಸ ಡಿಸ್ಕನ್ನೂ ಓರೆಯಾಗಿ ತಿನ್ನುತ್ತದೆ. ಚಕ್ರ ಹಾಕುವಾಗ ಗಾಳಿ ಗನ್ ಬೇಡ: ನಕ್ಷತ್ರದ ಕ್ರಮದಲ್ಲಿ, ಟಾರ್ಕ್ ವ್ರೆಂಚ್‌ನಲ್ಲಿ, ನಿಮ್ಮ ಕಾರಿಗೆ 120 ನ್ಯೂಟನ್ ಮೀಟರ್. ಬೋಲ್ಟುಗಳ ಬಿಗಿತ ಹೆಚ್ಚುಕಡಿಮೆಯಾದರೂ ಡಿಸ್ಕ್ ಓಲಾಡುತ್ತದೆ.

ಬೆಡ್ಡಿಂಗ್‌ಗೆ ಪ್ಯಾಡ್ ಪೊಟ್ಟಣದ ಸೂಚನೆಯೇ ಅಂತಿಮ. ಅದಿಲ್ಲದಿದ್ದರೆ ಹಿಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ 100ರಿಂದ 20–30ಕ್ಕೆ, ಎಬಿಎಸ್ ಕೆಲಸ ಮಾಡದಷ್ಟು ಗಟ್ಟಿಯಾಗಿ, 8–10 ಸಲ. ನಡುವೆ ಎಲ್ಲೂ ಪೂರ್ತಿ ನಿಲ್ಲಿಸಬಾರದು. ಮುಗಿದ ಮೇಲೆ ಬ್ರೇಕ್ ಆದಷ್ಟು ಮುಟ್ಟದೆ 10 ನಿಮಿಷ ಓಡಿಸಿ ಆರಿಸಿ, ನಿಲ್ಲಿಸಿದಾಗ ಗೇರಿನಲ್ಲೋ ‘ಪಿ’ಯಲ್ಲೋ ಬಿಡಿ, ಹ್ಯಾಂಡ್‌ಬ್ರೇಕ್ ಎಳೆಯಬೇಡಿ. 8 ಕಡೆಯ ದಪ್ಪ, ಎರಡೂ ಬದಿಯ ರನ್‌ಔಟ್, ಡಿಸ್ಕ್ ಮುಖದ ಒಂದು ಫೋಟೊ ಕೆಳಗೆ ಹಾಕಿದರೆ ನಿಮ್ಮ ಡಿಸ್ಕಿಗೇ ನಿರ್ದಿಷ್ಟವಾಗಿ ಹೇಳುತ್ತೇನೆ.