ಗೇಟಿನೊಳಗೆ ಜಾಗ ಇದ್ದೂ ಕಾರು ಬೀದಿಯಲ್ಲಿ ನಿಲ್ಲಿಸೋದು ಸರೀನಾ?

ನೀವು ಕೇಳಿದ್ದು ಇಷ್ಟು: "ನಮ್ಮದು ಬೆಂಗಳೂರಲ್ಲಿ 30×40 ಸೈಟಿನ ಮನೆ. ಗೇಟಿನ ಒಳಗೆ ಒಂದು ಕಾರು ನಿಲ್ಲಿಸುವಷ್ಟು ಜಾಗ ಇದೆ. ಆದರೂ ಅಪ್ಪ ದಿನಾ ರಸ್ತೆಯಲ್ಲೇ ನಿಲ್ಲಿಸುತ್ತಾರೆ. ಕೇಳಿದರೆ ಎಲ್ಲರೂ ಹಾಗೇ ನಿಲ್ಲಿಸೋದು, ರಸ್ತೆ ಎಲ್ಲರದ್ದು ಅಂತಾರೆ. ಒಳಗೇ ನಿಲ್ಲಿಸಬೇಕಾ?"

ಹೌದು, ಒಳಗೇ ನಿಲ್ಲಿಸಿ. ಆದರೆ ಅಪ್ಪನ ಜೊತೆ ಜಗಳಕ್ಕೆ ಇಳಿಯುವ ಮೊದಲು ನನ್ನ ಕತೆ ಸ್ವಲ್ಪ ಕೇಳಿ. ನಾನೂ ಆರು ವರ್ಷ ಬೀದಿಯಲ್ಲೇ ನಿಲ್ಲಿಸಿದವನು. ಮನೆಯೊಳಗೆ ಜಾಗ ಇಟ್ಟುಕೊಂಡೇ.

ನಮ್ಮ ಮನೆ ವಿಜಯನಗರದ ಕಡೆ, 30 ಅಡಿ ರಸ್ತೆಯಲ್ಲಿ. ಅಪ್ಪ ಮನೆ ಕಟ್ಟಿಸುವಾಗ ಮುಂದೆ ಒಳ್ಳೇ ಪೋರ್ಟಿಕೊ ಬಿಡಿಸಿದ್ದರು. ಆಗ ನಮ್ಮ ಹತ್ತಿರ ಇದ್ದದ್ದು ಒಂದು ಸ್ಕೂಟರ್ ಮಾತ್ರ. ಖಾಲಿ ಜಾಗ ಖಾಲಿ ಇರುತ್ತದಾ? ಕಾರು ಬರುವಷ್ಟರಲ್ಲಿ ಚಪ್ಪಲಿ ಸ್ಟ್ಯಾಂಡ್ ಬಂದಿತ್ತು, ಎರಡು ಸ್ಕೂಟರ್ ಬಂದಿದ್ದವು, ಮಗನ ಸೈಕಲ್, ಅಮ್ಮನ ತುಳಸಿ, ದೊಡ್ಡಪತ್ರೆ ಕುಂಡಗಳು, ಮನೆ ಕಟ್ಟಿಸಿದಾಗ ಉಳಿದ ಟೈಲ್ಸ್, ಮಹಡಿಗೆ ಹತ್ತದೆ ಅಲ್ಲೇ ಉಳಿದ ಹಳೇ ಸೋಫಾ. ಇದೆಲ್ಲದರ ನಡುವೆ ನೆಲದಲ್ಲಿ ಸಂಪು. ಟನ್ನಿನಷ್ಟು ತೂಕದ ಕಾರು ಸಂಪಿನ ಮೇಲೆ ನಿಂತರೆ ಕುಸಿದೀತು ಅಂತ ಅಮ್ಮನಿಗೆ ಹೆದರಿಕೆ. ನನಗೂ ಇತ್ತು.

ಇನ್ನು ಗೇಟು. ಎರಡು ಬಾಗಿಲಿನ ಗೇಟು, ಒಳಗಡೆಗೆ ತೆರೆಯುವಂಥದ್ದು. ಕಾರು ಪೂರ್ತಿ ಒಳಗೆ ಹೋದರೂ ಗೇಟು ಮುಚ್ಚಲು ಒಂದು ಗೇಣು ಸಾಲುತ್ತಿರಲಿಲ್ಲ. ರಾತ್ರಿ ಒಂಬತ್ತಕ್ಕೆ ಆಫೀಸಿಂದ ಬಂದು, ಇಳಿದು ಗೇಟು ತೆಗೆದು, ಸ್ಕೂಟರ್ ಎರಡನ್ನೂ ಹೊರಗೆ ತಳ್ಳಿ, ಕಾರು ಒಳಗೆ ಹಾಕಿ, ಮತ್ತೆ ಸ್ಕೂಟರ್ ಒಳಗೆ ತರಬೇಕು. ಅಷ್ಟರಲ್ಲಿ ಹಿಂದೆ ಯಾರೋ ಹಾರ್ನ್ ಹೊಡೆಯುತ್ತಿರುತ್ತಾರೆ. ಮೊದಲ ವಾರ ಮಾಡಿದೆ. ಎರಡನೇ ವಾರ "ಇವತ್ತೊಂದಿನ ಹೊರಗಿರಲಿ" ಅಂದೆ. ಆ ಒಂದಿನ ಆರು ವರ್ಷ ಆಯಿತು. ನಿಮ್ಮ ಅಪ್ಪನಿಗೂ ಇಂಥದ್ದೇ ಏನೋ ಕಾರಣ ಇರುತ್ತದೆ. ರಸ್ತೆ ಎಲ್ಲರದ್ದು ಅನ್ನೋದು ಆಮೇಲೆ ಬಂದ ಮಾತು.

ಮೂರು ವರ್ಷದ ಹಿಂದೆ ದಸರಾ ರಜೆಗೆ ಮನೆಮಂದಿಯೆಲ್ಲ ತೀರ್ಥಹಳ್ಳಿಗೆ ಬಸ್ಸಿನಲ್ಲಿ ಹೋಗಿದ್ದೆವು. ಕಾರು ಬೀದಿಯಲ್ಲೇ ಇತ್ತು, ಕವರ್ ಹಾಕಿ ಬಂದಿದ್ದೆ. ಎರಡನೇ ದಿನ ಬೆಳಗ್ಗೆ ಪಕ್ಕದ ಮನೆಯಿಂದ ಫೋನು. ಅಲ್ಲಿ ಅಜ್ಜ ಅಜ್ಜಿ ಇಬ್ಬರೇ ಇರೋದು, ಇಬ್ಬರಿಗೂ 70 ದಾಟಿದೆ. ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ, ಕಟ್ಟಿಕೊಂಡು ಅವರ ಬಚ್ಚಲಿಂದ ಗಲೀಜು ನೀರು ಉಕ್ಕುತ್ತಿತ್ತು. ಸರಿ ಮಾಡಲು, ಜೋರಾಗಿ ನೀರು ಹಾಯಿಸಿ ಕಟ್ಟಿದ್ದನ್ನು ಬಿಡಿಸುವ ಜೆಟ್ಟಿಂಗ್ ಗಾಡಿ ಬಂದು ನಿಂತಿದೆ. ಆದರೆ ಚೇಂಬರಿನ ಮುಚ್ಚಳ ಇರೋದು ನನ್ನ ಕಾರಿನ ಕೆಳಗೆ. ಅಲ್ಲೊಂದು ಮುಚ್ಚಳ ಇದೆ ಅನ್ನೋದೇ ನನಗೆ ಮರೆತುಹೋಗಿತ್ತು. ನಾಲ್ಕು ಜನ ಸೇರಿ ತಳ್ಳಿ ನೋಡಿದರಂತೆ. ಹ್ಯಾಂಡ್‌ಬ್ರೇಕ್ ಹಾಕಿದೆ, ಗೇರಿನಲ್ಲೂ ಇದೆ, ಎಲ್ಲಿ ಅಲ್ಲಾಡುತ್ತದೆ? ಒಂದು ಕೀ ನನ್ನ ಜೇಬಿನಲ್ಲಿ, ಇನ್ನೊಂದು ಬೀಗ ಹಾಕಿದ ಮನೆಯೊಳಗೆ. ಗಾಡಿ ಒಂದು ಗಂಟೆ ಕಾದು ಬೇರೆ ಕಡೆ ಹೋಯಿತು.

ಅವತ್ತೇ ರಾತ್ರಿ ಬಸ್ ಹತ್ತಿದೆ. ಬೆಳಗ್ಗೆ ಆರೂವರೆಗೆ ಬಂದು ಕವರ್ ತೆಗೆದು ಕಾರನ್ನು ಮೂಲೆಗೆ ಒಯ್ದೆ. ಕಾರು ನಿಂತಿದ್ದ ಜಾಗ ನೋಡಿ ನಾಚಿಕೆಯಾಯಿತು. ಹೊಂಗೆ ಎಲೆ, ಹಾಲಿನ ಪ್ಯಾಕೆಟ್ಟು, ಬೆರಳು ದಪ್ಪಕ್ಕೆ ಕೂತ ಮಣ್ಣು, ಎಲ್ಲಾ ಕಾರಿನ ಅಳತೆಗೆ ಸರಿಯಾಗಿ ಚೌಕಾಕಾರ. ಅದರ ಸುತ್ತ ರಸ್ತೆ ಶುಭ್ರವಾಗಿತ್ತು. ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಅಮ್ಮ ಅಲ್ಲೇ ಇದ್ದರು. "ಇವತ್ತಾದ್ರೂ ತೆಗೆದ್ರಲ್ಲ ಸಾರ್. ಅದ್ರ ಕೆಳಗೆ ಪೊರಕೆ ಹೋಗಲ್ಲ, ಬಗ್ಗಿದ್ರೆ ಸೊಂಟ ಹಿಡಿಯುತ್ತೆ" ಅಂದರು. ಅವರು ಎಷ್ಟು ವರ್ಷದಿಂದ ನನ್ನ ಕಾರಿನ ಸುತ್ತ ಗುಡಿಸುತ್ತಿದ್ದರೋ.

ಪಕ್ಕದ ಮನೆ ಅಜ್ಜಿ ಗೇಟಿಗೆ ಬಂದು, "ಬಸ್ಸಿಂದ ನೇರ ಬಂದ್ಯಾ ಮಗಾ? ಮುಖ ತೊಳ್ಕೊಂಡ್ಯಾ?" ಅಂತ ಕೇಳಿದರು. ಒಳಗಿಂದ ಫಿನಾಯಿಲ್ ವಾಸನೆ ಬರುತ್ತಿತ್ತು. ಜೆಟ್ಟಿಂಗ್ ಗಾಡಿ ಮತ್ತೆ ಬಂದದ್ದು ಮಧ್ಯಾಹ್ನ. ಅಲ್ಲಿವರೆಗೆ ಅವರಿಬ್ಬರೂ ಬಚ್ಚಲಿಗೆ ಎದುರು ಮನೆಗೆ ಹೋಗುತ್ತಿದ್ದರು.

ಅದೇ ವಾರ ಟೇಪ್ ಹಿಡಿದು ರಸ್ತೆ ಅಳೆದೆ. 30 ಅಡಿ ರಸ್ತೆ ಅಂದರೆ ಕಾಂಪೌಂಡಿನಿಂದ ಕಾಂಪೌಂಡಿಗೆ 30 ಅಡಿ. ಅದರಲ್ಲಿ ಎರಡೂ ಕಡೆ ಮೋರಿ, ಮೋರಿ ಮೇಲೆ ಚಪ್ಪಡಿ, ಒಬ್ಬೊಬ್ಬರ ಮನೆಯ ಇಳಿಜಾರು. ನಮ್ಮ ಬೀದಿಯಲ್ಲಿ ಗಾಡಿ ಓಡಾಡಲು ಸಿಗುವ ಡಾಂಬರು 20 ಅಡಿ. ಕನ್ನಡಿಗಳೂ ಸೇರಿ ಒಂದು ಕಾರು 6 ಅಡಿ ಅಗಲ, ಅಂಚಿನಿಂದ ಬಿಡುವ ಜಾಗ ಒಂದು ಅಡಿ. ಎರಡೂ ಬದಿಗೆ ಕಾರು ನಿಂತರೆ 14 ಅಡಿ ಹೋಯಿತು. ಉಳಿದದ್ದು 6 ಅಡಿ. ಆಂಬುಲೆನ್ಸಿಗೆ ಇದು ಸಾಲುವುದಿಲ್ಲ. ಅಗ್ನಿಶಾಮಕ ದಳದ ಗಾಡಿಗೆ ಕಮ್ಮಿ ಅಂದರೂ 8 ಅಡಿ ಬೇಕು. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಬಂದಾಗ ನಮ್ಮ ಬೀದಿಯಲ್ಲಿ ಯಾಕೆ ಅಷ್ಟು ಕೂಗಾಟ ಆಗುತ್ತಿತ್ತು ಅಂತ ಆವತ್ತು ಅರ್ಥವಾಯಿತು. ನಿಮ್ಮ ಬೀದಿಯನ್ನೂ ಒಮ್ಮೆ ಅಳೆದು ಅಪ್ಪನಿಗೆ ತೋರಿಸಿ. ನೂರು ಮಾತಿಗಿಂತ ಆ ಲೆಕ್ಕ ಕೆಲಸ ಮಾಡುತ್ತದೆ.

ರಸ್ತೆ ಎಲ್ಲರದ್ದು ಅನ್ನೋದು ನಿಜ. ನಡೆಯುವವರದ್ದೂ, ತರಕಾರಿ ಗಾಡಿಯವರದ್ದೂ, ಸಂಜೆ ಆಡುವ ಮಕ್ಕಳದ್ದೂ. ನನ್ನ ಕಾರು ದಿನಕ್ಕೆ ಹೆಚ್ಚು ಅಂದರೆ ಎರಡು ಗಂಟೆ ಓಡುತ್ತದೆ. ಉಳಿದ 22 ಗಂಟೆ ಅದು ಎಲ್ಲೋ ಒಂದು ಕಡೆ ನಿಂತಿರಬೇಕು. ನನ್ನ ಜಾಗ ನನ್ನ ಹತ್ತಿರ ಇದ್ದಾಗ ಎಲ್ಲರ ಜಾಗ ಯಾಕೆ ಬೇಕು? ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾನೂನಿನ ವಿಷಯ ಸ್ವಲ್ಪದರಲ್ಲಿ ಹೇಳುತ್ತೇನೆ. ಮನೆ ಮುಂದೆ ನಿಲ್ಲಿಸೋದೆಲ್ಲ ಅಪರಾಧ ಅಲ್ಲ. ಫುಟ್‌ಪಾತ್ ಮೇಲೆ, ತಿರುವಿನಲ್ಲಿ, ರಸ್ತೆ ಕೂಡುವ ಕಡೆ, ಇನ್ನೊಬ್ಬರ ಗೇಟಿಗೆ ಅಡ್ಡವಾಗಿ ನಿಲ್ಲಿಸೋದು ತಪ್ಪು. ಹಾಗೇ ನಮ್ಮ ಮನೆ ಮುಂದಿನ ರಸ್ತೆ ನಮ್ಮದು ಅನ್ನೋದೂ ತಪ್ಪು ತಿಳುವಳಿಕೆ. ನಮ್ಮ ಬೀದಿಯಲ್ಲಿ ಕೆಲವರು ಪ್ಲಾಸ್ಟಿಕ್ ಕುರ್ಚಿ, ಹೂಕುಂಡ, ಸಿಮೆಂಟ್ ಕಲ್ಲು ಇಟ್ಟು ಜಾಗ ಕಾಯ್ದುಕೊಳ್ಳುತ್ತಾರೆ. ಗೇಟಿಗೆ ಅಡ್ಡ ಬರಬೇಡಿ ಅನ್ನುವ ಹಕ್ಕು ನಮಗಿದೆ. ಕಾಂಪೌಂಡಿನ ಉದ್ದಕ್ಕೂ ಯಾರೂ ನಿಲ್ಲಿಸಬೇಡಿ ಅನ್ನುವ ಹಕ್ಕಿಲ್ಲ. ಸಿಟ್ಟಿಗೆ ಟೈರಿನ ಗಾಳಿ ಬಿಡೋದು, ಗೀರು ಹಾಕೋದು ಮಾತ್ರ ಖಂಡಿತ ಬೇಡ. ಯಾರಾದರೂ ಗೇಟು ಕಟ್ಟಿ ನಿಲ್ಲಿಸಿ ಹೋಗಿದ್ದರೆ 112ಕ್ಕೆ ಫೋನ್ ಮಾಡಿ.

ಬೆಂಗಳೂರಿಗೆ ಅಂತ ಒಂದು ಪಾರ್ಕಿಂಗ್ ನೀತಿ 2021ರಲ್ಲಿ ಬಂತು. ಮನೆ ಮುಂದಿನ ಬೀದಿಯಲ್ಲಿ ಕಾರು ನಿಲ್ಲಿಸುವವರು ವರ್ಷಕ್ಕೆ ಇಷ್ಟು ಅಂತ ಕಟ್ಟಿ ಪರ್ಮಿಟ್ ತಗೊಳ್ಳಬೇಕು ಅನ್ನೋದು ಅದರಲ್ಲಿತ್ತು. ಸಣ್ಣ ಕಾರಿಗೆ 1,000 ರೂಪಾಯಿ, ದೊಡ್ಡದಕ್ಕೆ 5,000 ರೂಪಾಯಿವರೆಗೆ. ನಮ್ಮ ಬೀದಿಯಲ್ಲಿ ಇವತ್ತಿಗೂ ಯಾರೂ ಒಂದು ರೂಪಾಯಿ ಕಟ್ಟಿಲ್ಲ. ಕಟ್ಟುವ ಹಾಗಾದರೆ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಜಪಾನಿನಲ್ಲಿ 1962ರಿಂದಲೇ ಇದಕ್ಕೆ ಕಾನೂನಿದೆ. ಹೆಚ್ಚಿನ ಊರುಗಳಲ್ಲಿ ಮನೆಯಿಂದ 2 ಕಿಲೋಮೀಟರ್ ಒಳಗೆ ಕಾರು ನಿಲ್ಲಿಸುವ ಜಾಗ ಇದೆ ಅಂತ ಪೊಲೀಸರಿಂದ ಪತ್ರ ತರದೆ ಕಾರು ನೋಂದಣಿಯೇ ಆಗುವುದಿಲ್ಲ. ನಮ್ಮಲ್ಲಿ ಮೊದಲು ಕಾರು ಬರುತ್ತದೆ, ಜಾಗದ ಯೋಚನೆ ಆಮೇಲೆ.

ಜಾಗ ಯಾಕೆ ಇರೋದಿಲ್ಲ ಅನ್ನೋದೂ ಗೊತ್ತಿರೋದೇ. ಒಂದು ಕಾರಿಗೆ 8 ಅಡಿ ಅಗಲ, 18 ಅಡಿ ಉದ್ದ ಬೇಕು, ಅಂದರೆ 144 ಚದರಡಿ. 1,200 ಚದರಡಿ ಸೈಟಿನಲ್ಲಿ ಅದು ಒಂದು ರೂಮು. ಬಾಡಿಗೆಗೆ ಕೊಟ್ಟರೆ ತಿಂಗಳು ತಿಂಗಳು ದುಡ್ಡು ಬರುತ್ತದೆ, ಕಾರು ಬೀದಿಯಲ್ಲಿ ಪುಕ್ಕಟೆ ನಿಲ್ಲುತ್ತದೆ. ನಮ್ಮ ಬೀದಿಯಲ್ಲೇ ಪಾರ್ಕಿಂಗ್ ಅಂತ ಪ್ಲಾನಿನಲ್ಲಿ ತೋರಿಸಿದ ಜಾಗ ಅಂಗಡಿಯಾದದ್ದನ್ನು ನೋಡಿದ್ದೇನೆ. ನಿಮ್ಮ ಮನೆಯಲ್ಲಿ ಜಾಗ ಇನ್ನೂ ಜಾಗವಾಗಿಯೇ ಉಳಿದಿದೆಯಲ್ಲ, ಅದು ದೊಡ್ಡದು.

ನಾವು ಹೇಗೆ ಒಳಗೆ ತಂದೆವು ಅಂತ ಹೇಳುತ್ತೇನೆ, ನಿಮಗೆ ಉಪಯೋಗಕ್ಕೆ ಬರಬಹುದು. ಸೋಫಾ, ಟೈಲ್ಸ್ ಬೇಕಾದವರಿಗೆ ಕೊಟ್ಟೆವು. ತುಳಸಿಯನ್ನು ಅಮ್ಮನ ಕೈಯಿಂದಲೇ ಪಕ್ಕದ ಗೋಡೆಯ ಬದಿಗೆ ಇಡಿಸಿದೆವು, ಅಲ್ಲಿ ಬೆಳಗಿನ ಬಿಸಿಲು ಜಾಸ್ತಿ. ಸಂಪಿನ ವಿಷಯಕ್ಕೆ ಗೊತ್ತಿರುವ ಮೇಸ್ತ್ರಿಯನ್ನು ಕರೆಸಿದೆ. ಅವರು ಸಂಪು ಖಾಲಿ ಮಾಡಿಸಿ, ಒಳಗೆ ಇಳಿದು ಸ್ಲ್ಯಾಬಿನ ಕೆಳಭಾಗ ಟಾರ್ಚ್ ಹಾಕಿ ನೋಡಿದರು. ಬಿರುಕಿಲ್ಲ, ಕಂಬಿ ಹೊರಗೆ ಕಂಡಿಲ್ಲ, ಸ್ಲ್ಯಾಬಿಗೆ ಏನೂ ಆಗಲ್ಲ ಅಂದರು. ಭಯ ಇದ್ದದ್ದು ಮುಚ್ಚಳದ್ದು, ಅದು ತೆಳು ತಗಡು. ಅದನ್ನು ತೆಗೆಸಿ ಗಟ್ಟಿ ಕಬ್ಬಿಣದ ಮುಚ್ಚಳ ಹಾಕಿಸಿದೆವು. ಚಕ್ರ ಮುಚ್ಚಳದ ಆಚೆ ಈಚೆ ಹೋಗುವ ಹಾಗೆ ನೆಲಕ್ಕೆ ಎರಡು ಹಳದಿ ಗೆರೆ ಎಳೆದೆ. ನೀವೂ ಇದನ್ನು ತಿಳಿದವರಿಗೆ ತೋರಿಸದೆ ಕಾರು ಹತ್ತಿಸಬೇಡಿ.

ಗೇಟು ಬದಲಿಸಿದ್ದೇ ದೊಡ್ಡ ಖರ್ಚು. ಹಳೇ ಗೇಟನ್ನೇ ಕತ್ತರಿಸಿ, ಚಕ್ರ ಹಾಕಿಸಿ, ಪಕ್ಕಕ್ಕೆ ಸರಿಯುವ ಹಾಗೆ ಮಾಡಿಸಿದೆವು. ಅದರಿಂದ ಒಳಗೆ ಎರಡೂವರೆ ಅಡಿ ಜಾಗ ಉಳಿಯಿತು, ಸ್ಕೂಟರ್ ತಳ್ಳುವ ಕೆಲಸ ತಪ್ಪಿತು. ಇಳಿಜಾರನ್ನು ರಸ್ತೆಗೆ ಚಾಚಿಸಬೇಡಿ. ಮೋರಿ ಮುಚ್ಚಿಹೋಗುತ್ತದೆ, ಮಳೆ ಬಂದಾಗ ನೀರು ಪಕ್ಕದವರ ಮನೆಗೆ ನುಗ್ಗುತ್ತದೆ. ಬೇಕಾದಾಗ ಎತ್ತಿಡುವ ಕಬ್ಬಿಣದ ಜಾಲರಿ ಸಾಕು.

ಒಂದು ಅಭ್ಯಾಸ ಮಾತ್ರ ಮೊದಲ ದಿನದಿಂದಲೇ ಮಾಡಿಕೊಳ್ಳಿ. ಸಂಜೆ ರಿವರ್ಸಿನಲ್ಲಿ ಒಳಗೆ ಹಾಕಿ, ಬೆಳಗ್ಗೆ ಮುಖ ಮುಂದೆ ಮಾಡಿ ಹೊರಗೆ ಬನ್ನಿ. ಬೆಳಗ್ಗೆ ಶಾಲೆಗೆ ಹೋಗುವ ಮಕ್ಕಳು ಕಾಂಪೌಂಡಿನ ಮರೆಯಿಂದ ಓಡಿ ಬರುತ್ತಾರೆ, ಹಿಂದೆ ಹೋಗುವ ಕಾರಿನಿಂದ ಅವರು ಕಾಣುವುದಿಲ್ಲ. ಕಾರು ಅಲುಗುವ ಮುಂಚೆ ಮನೆಯ ಚಿಕ್ಕ ಮಕ್ಕಳು ಎಲ್ಲಿದ್ದಾರೆ ಅಂತ ಒಬ್ಬರು ಕಣ್ಣಲ್ಲಿ ನೋಡಿರಬೇಕು. "ಒಳಗಿರ್ತಾನೆ ಬಿಡು" ಅನ್ನೋದು ಸಾಲದು.

ಕಾರಿಗೂ ಇದರಿಂದ ಒಳ್ಳೆಯದಾಯಿತು. ಬೀದಿಯಲ್ಲಿದ್ದಾಗ ಮೋರಿಯ ಹೆಗ್ಗಣ ಎರಡು ಸಲ ಬಾನೆಟ್ಟಿನೊಳಗಿನ ವೈರು ಕಡಿದಿತ್ತು, ಕನ್ನಡಿ ಒಂದು ಸಲ ಮುರಿದಿತ್ತು. ಒಳಗೆ ಬಂದ ಮೇಲೆ ಎರಡೂ ಆಗಿಲ್ಲ. ಮುಂದೆ ಎಲೆಕ್ಟ್ರಿಕ್ ಕಾರು ತಗೊಂಡರೆ ಚಾರ್ಜ್ ಮಾಡೋದೂ ಪೋರ್ಟಿಕೊದಲ್ಲೇ ಆಗಬೇಕು. ಎದುರು ಬೀದಿಯಲ್ಲಿ ಒಬ್ಬರು ಕಿಟಕಿಯಿಂದ ವೈರು ಎಳೆದು ಫುಟ್‌ಪಾತ್ ದಾಟಿಸುತ್ತಾರೆ. ಮಳೆಗಾಲದಲ್ಲಿ ಅದರ ಮೇಲೆ ಜನ ನಡೆಯೋದು ನೋಡಿದರೆ ಎದೆ ಝಲ್ ಅನ್ನುತ್ತದೆ. ಹೇಳಿದ್ದೇನೆ, ಮತ್ತೂ ಹೇಳುತ್ತೇನೆ.

ಎರಡು ಕಾರು ಇದ್ದವರು, ಜಾಗವೇ ಇಲ್ಲದ ಹಳೇ ಮನೆಯವರು, ಬಂದು ಹೋಗುವ ನೆಂಟರು ಬೀದಿಯಲ್ಲಿ ನಿಲ್ಲಿಸಲೇಬೇಕು. ಅವರನ್ನು ನಾನು ತಪ್ಪು ಅನ್ನಲ್ಲ. ನಮ್ಮ ಬೀದಿಯ ಎಂಟು ಮನೆಯವರು ಕೂತು ಮಾತಾಡಿ, ನಿಲ್ಲಿಸುವವರು ಒಂದೇ ಬದಿಗೆ ನಿಲ್ಲಿಸೋದು, ಚೇಂಬರಿನ ಮುಚ್ಚಳ ಬಿಡೋದು, ಡ್ಯಾಶ್‌ಬೋರ್ಡಿನ ಮೇಲೆ ಫೋನ್ ನಂಬರ್ ಇಡೋದು, ಊರಿಗೆ ಹೋಗುವಾಗ ಕೀ ಪಕ್ಕದ ಮನೆಯಲ್ಲಿ ಕೊಟ್ಟು ಹೋಗೋದು ಅಂತ ಮಾಡಿಕೊಂಡೆವು. ನನ್ನ ಸ್ಪೇರ್ ಕೀ ಈಗ ಅಜ್ಜಿಯ ದೇವರ ಮನೆಯ ಮೊಳೆಗೆ ನೇತಾಡುತ್ತದೆ.

ಅಪ್ಪನಿಗೆ ಬುದ್ಧಿ ಹೇಳಲು ಹೋಗಬೇಡಿ. ಈ ಭಾನುವಾರ ಅವರನ್ನೇ ಜೊತೆಗೆ ಕರೆದುಕೊಂಡು ಪೋರ್ಟಿಕೊ ಅಳೆಯಿರಿ. ಟೇಪಿನ ಒಂದು ತುದಿ ಅವರ ಕೈಗೆ ಕೊಡಿ. ಗೇಟು ಕಷ್ಟವಾ, ಸಂಪಿನ ಭಯವಾ, ರಿವರ್ಸ್ ತೆಗೆಯುವಾಗ ಕತ್ತು ನೋಯುತ್ತದಾ, ಅವರೇ ಹೇಳುತ್ತಾರೆ. ಕತ್ತಿನ ತೊಂದರೆ ಆದರೆ ಹಿಂದೆ ಒಂದು ಕ್ಯಾಮೆರಾ ಹಾಕಿಸಿಕೊಡಿ, ನನ್ನ ಮಾವನವರಿಗೆ ಅದರಿಂದಲೇ ಸರಿಹೋಯಿತು. ಅಳತೆ, ಗೇಟಿನ ಫೋಟೋ, ಸಂಪು ಎಲ್ಲಿದೆ ಅನ್ನೋದನ್ನು ಇಲ್ಲಿ ಕೆಳಗೆ ಹಾಕಿ. ಏನು ಮಾಡಬಹುದು ಅಂತ ಒಟ್ಟಿಗೆ ನೋಡೋಣ.