ಹುಣ್ಣು ಮಾಯಿತು, ಈಗ ಅಂಗೈಯಲ್ಲಿ ಕಲೆ ಯಾಕೆ?

ಪ್ರಶ್ನೆ: ನನಗೆ 29 ವರ್ಷ. ಎರಡು ತಿಂಗಳ ಹಿಂದೆ ಶಿಶ್ನದ ಮೇಲೆ ಒಂದು ಹುಣ್ಣಾಗಿತ್ತು, ನೋವಿರಲಿಲ್ಲ. ಮುಲಾಮು ಹಚ್ಚಿದೆ, ಮೂರು ವಾರದಲ್ಲಿ ಮಾಯಿತು. ಈಗ ಅಂಗೈ, ಅಂಗಾಲಿನಲ್ಲಿ ಕಂದು ಕಲೆಗಳೆದ್ದಿವೆ. ತುರಿಕೆ ಇಲ್ಲ. ಅಲರ್ಜಿ ಇರಬಹುದೇ?

ಉತ್ತರ: ಅಲರ್ಜಿಯಾಗಿದ್ದರೆ ಸಾಮಾನ್ಯವಾಗಿ ತುರಿಕೆ ಇರುತ್ತದೆ. ನೀವು ಬರೆದಿರುವುದನ್ನು ನೋಡಿದರೆ ನನಗೆ ಮೊದಲು ಅನುಮಾನ ಬರುವುದು ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಸೋಂಕಿನ ಮೇಲೆ. ಖಚಿತವಾಗಬೇಕಾದರೆ ರಕ್ತಪರೀಕ್ಷೆ ಆಗಲೇಬೇಕು.

ಮುಲಾಮಿನಿಂದಲೇ ಮಾಯಿತು ಅಂದುಕೊಂಡಿದ್ದೀರಿ, ಅಲ್ವಾ? ಸಿಫಿಲಿಸ್ ಹುಣ್ಣು ಏನೂ ಹಚ್ಚದಿದ್ದರೂ 3ರಿಂದ 6 ವಾರದಲ್ಲಿ ತಾನಾಗಿ ಮಾಯುತ್ತದೆ. ಸೋಂಕು ತಗುಲಿದ ಸುಮಾರು ಮೂರು ವಾರಕ್ಕೆ ಇದು ಏಳುತ್ತದೆ, ಕೆಲವರಿಗೆ ಮೂರು ತಿಂಗಳೂ ಆಗಬಹುದು. ಮುಟ್ಟಿದರೆ ಅಂಚು ಗಟ್ಟಿ, ಒತ್ತಿದರೂ ಹೆಚ್ಚಾಗಿ ನೋವಿಲ್ಲ. ಜೊತೆಗೆ ತೊಡೆಸಂದಿನಲ್ಲಿ ಗಂಟುಗಳು. ಬಾಯೊಳಗೆ, ಗುದದಲ್ಲಿ ಅಥವಾ ಗರ್ಭಕಂಠದಲ್ಲಿ ಆದರೆ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ.

ಹುಣ್ಣು ಮಾಯುವ ಹೊತ್ತಿಗೆ ರೋಗಾಣು ರಕ್ತ ಸೇರಿ ಮೈಯೆಲ್ಲ ಹರಡಿರುತ್ತದೆ. ಕೆಲವು ವಾರಗಳಲ್ಲಿ ಎರಡನೇ ಹಂತ. ಅಂಗೈ, ಅಂಗಾಲಿನ ಕಲೆ ಇದರ ದೊಡ್ಡ ಸುಳಿವು. ಸಣ್ಣ ಜ್ವರ, ಗಂಟಲು ನೋವು, ಸುಸ್ತು ಇರಬಹುದು. ತಲೆಗೂದಲು ಅಲ್ಲಲ್ಲಿ ಉದುರಬಹುದು. ಗುಪ್ತಾಂಗದ ಸುತ್ತ ಒದ್ದೆಯಾದ ಚಪ್ಪಟೆ ಗುಳ್ಳೆಗಳು ಏಳಬಹುದು, ಅವುಗಳಿಂದ ಸೋಂಕು ಬೇಗ ಹರಡುತ್ತದೆ. ಇವೂ ಚಿಕಿತ್ಸೆಯಿಲ್ಲದೆ ಹೋಗಿಬಿಡುತ್ತವೆ. ಈ ಕಾಯಿಲೆ ಜನರನ್ನು ಯಾಮಾರಿಸುವುದೇ ಇಲ್ಲಿ.

ಆಮೇಲೆ ವರ್ಷಗಟ್ಟಲೆ ಯಾವ ಲಕ್ಷಣವೂ ಇರುವುದಿಲ್ಲ, ರಕ್ತಪರೀಕ್ಷೆಯಲ್ಲಿ ಮಾತ್ರ ಸಿಗುತ್ತದೆ. ಚಿಕಿತ್ಸೆ ಪಡೆಯದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ, 10ರಿಂದ 30 ವರ್ಷಗಳ ನಂತರವೂ, ಮಹಾಪಧಮನಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ), ಮೆದುಳು, ಮೂಳೆ ಹಾಳಾಗಬಹುದು. ಮೆದುಳು, ಕಣ್ಣು, ಕಿವಿಗೆ ಮಾತ್ರ ಯಾವ ಹಂತದಲ್ಲಾದರೂ ತಗುಲಬಹುದು. ದೃಷ್ಟಿ ಮಂಜಾದರೆ, ಕಿವಿ ಮಂದವಾದರೆ, ತಲೆನೋವು ಜಾಸ್ತಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಚರ್ಮ ಮತ್ತು ಲೈಂಗಿಕ ರೋಗ ತಜ್ಞರನ್ನು ಈ ವಾರವೇ ನೋಡಿ. ಸಿಫಿಲಿಸ್ ಪತ್ತೆ ಮಾಡುವ ವಿಡಿಆರ್‌ಎಲ್, ಟಿಪಿಎಚ್‌ಎ ಎಂಬ ರಕ್ತಪರೀಕ್ಷೆ ಮಾಡಿಸಿ, ಜೊತೆಗೆ ಎಚ್‌ಐವಿ ಪರೀಕ್ಷೆಯೂ ಇರಲಿ. ಈ ಹಂತದಲ್ಲಿ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು 24 ಲಕ್ಷ ಯೂನಿಟ್ ಒಂದೇ ಸಲ ಸೊಂಟಕ್ಕೆ ಕೊಟ್ಟರೆ ಸಾಮಾನ್ಯವಾಗಿ ಸಾಕು. ಪೆನಿಸಿಲಿನ್ ಆಗದಿದ್ದರೆ ಮೊದಲೇ ಹೇಳಿ. ಚುಚ್ಚುಮದ್ದಿನ ದಿನ ಜ್ವರ, ಮೈಕೈ ನೋವು ಬಂದರೆ ಸುಮ್ನೆ ಗಾಬರಿಯಾಗಬೇಡಿ, ಒಂದು ದಿನದಲ್ಲಿ ಇಳಿಯುತ್ತದೆ. ಗುಣವಾದ ಮೇಲೂ ಟಿಪಿಎಚ್‌ಎ ಪಾಸಿಟಿವ್ ಆಗಿಯೇ ಉಳಿಯಬಹುದು. ವೈದ್ಯರು ನೋಡುವುದು ವಿಡಿಆರ್‌ಎಲ್ ಅಂಕಿ ಇಳಿಯಿತೇ ಎಂದು.

ಸಂಗಾತಿಗೂ ಪರೀಕ್ಷೆ ಆಗಬೇಕು, ಅವರು ಗರ್ಭಿಣಿಯಾಗಿದ್ದರೆ ಇನ್ನೂ ತಡಮಾಡಬಾರದು. ವೈದ್ಯರು ಸರಿ ಅನ್ನುವವರೆಗೆ ಲೈಂಗಿಕ ಸಂಪರ್ಕ ಬೇಡ.